ಎಡಗಡೆಯ ಸೀಟು

2022ರ ಜುಲೈ ತಿಂಗಳು. ಪುಣೆಯಲ್ಲಿ ಕನ್ನಡಿಗರು ಕಟ್ಟಿದ ಒಂದು ಶಾಲೆಯಲ್ಲಿ ನಾನು ಐದನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದೆ. ಶಾಲೆಯ ಹೆಸರು ಬೇಡ. ಈ ಕಥೆಯಲ್ಲಿ ತಪ್ಪು ಅಂತ ಇದ್ದರೆ ಅದರ ದೊಡ್ಡ ಪಾಲು ನನ್ನದೇ. ಮಾಧ್ಯಮ ಇಂಗ್ಲಿಷ್, ಗೇಟಿನ ಹೊರಗಿನ ಮಾತು ಮರಾಠಿ, ಕನ್ನಡಕ್ಕೆ ವಾರಕ್ಕೆ ನಾಲ್ಕು ಪೀರಿಯಡ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಷ್ಟು ವರ್ಷ ಕಲಿಸಿದ ಮೇಲೆ ತರಗತಿಯಲ್ಲಿ ನನ್ನನ್ನು ಹೆದರಿಸುವಂಥದ್ದು ಇನ್ನೇನೂ ಇಲ್ಲ ಎಂದುಕೊಂಡಿದ್ದೆ.

ನನಗೊಂದು ರೂಢಿಯಿತ್ತು. ಅದು ಬಿ.ಎಡ್. ಕಾಲೇಜಿನಲ್ಲಿ ಕಲಿತದ್ದಲ್ಲ, ಧಾರವಾಡದ ನಮ್ಮ ಅಜ್ಜಿಯಿಂದ ಬಂದದ್ದು. ಅಜ್ಜಿ ಕಥೆ ಮುಗಿಸಿದ ಕೂಡಲೇ ನಮ್ಮನ್ನು ಏಳಲು ಬಿಡುತ್ತಿರಲಿಲ್ಲ. "ಇಂಥಾವ್ರು ನಮ್ಮ ಓಣ್ಯಾಗ ಯಾರದಾರ, ಹೇಳ್ರಿ ನೋಡೋಣು" ಎನ್ನುತ್ತಿದ್ದಳು. ಜಿಪುಣ ಸಾಹುಕಾರನ ಕಥೆಗೆ ನಾವು ಎದುರುಮನೆಯ ಹಿಟ್ಟಿನ ಗಿರಣಿಯವನ ಹೆಸರು ಹೇಳಿದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಒಮ್ಮೆ ಸೊಸೆಯನ್ನು ಕಾಡುವ ಅತ್ತೆಯ ಕಥೆಗೆ ನನ್ನ ತಮ್ಮ ಅಜ್ಜಿಯ ಹೆಸರನ್ನೇ ಹೇಳಿದ. ಅವತ್ತು ಮಾತ್ರ "ಇವಕ್ಕ ನಿದ್ದಿ ಬಂದದ, ಮಲಗಿಸ್ರಿ" ಎಂದು ಎದ್ದು ಹೋದಳು.

ಅಜ್ಜಿಯ ಆ ಪ್ರಶ್ನೆಯನ್ನೇ ನಾನು ವಹಿಗೆ ಇಳಿಸಿದ್ದೆ. ಪುಣೆಯ ನಮ್ಮ ಮಕ್ಕಳು ನೋಟ್‌ಬುಕ್ಕಿಗೆ ಮರಾಠಿಯವರಂತೆ ವಹಿ ಎಂದೇ ಹೇಳುವುದು. ಪ್ರತಿ ಪಾಠ ಮುಗಿದ ಮೇಲೆ "ಈ ಕಥೆಯನ್ನು ನೀವು ಎಲ್ಲಿ ಕಂಡಿದ್ದೀರಿ?" ಎಂದು ಅರ್ಧ ಪುಟ ಬರೆಯಬೇಕು. ಅಂಕವಿಲ್ಲ, ಕೆಂಪು ಶಾಯಿಯಿಲ್ಲ. ವರ್ಷದ ಮೊದಲ ದಿನವೇ ನಾನು ಮಾತು ಕೊಡುತ್ತಿದ್ದೆ: ಇಲ್ಲಿ ಬರೆದದ್ದು ನಿಮ್ಮ ಮತ್ತು ನನ್ನ ನಡುವೆ, ಮೂರನೆಯವರಿಗೆ ಹೋಗುವುದಿಲ್ಲ. ಮಕ್ಕಳು ಅದಕ್ಕೆ 'ಗುಟ್ಟಿನ ವಹಿ' ಎಂದು ಹೆಸರಿಟ್ಟಿದ್ದರು.

ಆ ವಾರದ ಪಾಠ ಒಬ್ಬ ಅಂಬಿಗನ ಕಥೆ. ಅವನ ದೋಣಿಯ ತಳದಲ್ಲಿ ಬಿರುಕು. ಹಲಗೆ ಬದಲಿಸಲು ದೋಣಿ ನಿಲ್ಲಿಸಿದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅವನ ಹೆಂಡತಿ ದಿನಾ ಬೆಳಗ್ಗೆ ಬಿರುಕಿಗೆ ಅರಿವೆ ತುರುಕಿ, ಮೇಲೆ ಮೇಣ ಮೆತ್ತಿ ಕಳಿಸುತ್ತಾಳೆ. ಹೊಳೆ ಏರಿದ ಒಂದು ದಿನ ಅವಳಿಗೆ ತಡೆಯಲಾಗುವುದಿಲ್ಲ. ದಡದಲ್ಲಿ ನಿಂತು ಬಿರುಕಿನ ವಿಷಯವನ್ನು ಎಲ್ಲರೆದುರು ಕೂಗಿ ಹೇಳಿಬಿಡುತ್ತಾಳೆ. ಜನ ಉಳಿಯುತ್ತಾರೆ, ಅರಸ ಹೊಸ ದೋಣಿ ಕೊಡಿಸುತ್ತಾನೆ, ಪಾಠ ಮುಗಿಯುತ್ತದೆ.

ಗುರುವಾರ ಅದನ್ನು ಓದಿ ಮುಗಿಸಿದಾಗ ರೇಣುಕಾ ಕೈ ಎತ್ತಿದಳು. ಹೆಚ್ಚು ಮಾತಿನ ಹುಡುಗಿಯಲ್ಲ. ನಮ್ಮ ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆತರುವ ಈರಣ್ಣನವರ ಮಗಳು.

"ಟೀಚರ್, ಆವತ್ತ ಸಂಜೀಕ ಮನೀಗೆ ಬಂದು ಅಂಬಿಗ ಹೆಣ್ತೀಗೆ ಏನಂದ?"

"ಅರಸನ ಕಡೆಯಿಂದ ಹೊಸಾ ದೋಣಿ ಸಿಕ್ಕದ. ಶಹಬ್ಬಾಸ್ ಅಂದಿರ್ತಾನ, ಮತ್ತೇನು" ಎಂದೆ. ತರಗತಿ ನಕ್ಕಿತು. ಅವಳು ನಗಲಿಲ್ಲ. ಆ ಮುಖ ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

ಶುಕ್ರವಾರ ಸಂಜೆ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ವಹಿಗಳನ್ನು ಓದುತ್ತಿದ್ದೆ. ಒಬ್ಬಳು ಸೋರುವ ನೀರಿನ ಟಾಕಿಯ ಬಗ್ಗೆ ಬರೆದಿದ್ದಳು, ಇನ್ನೊಬ್ಬ ತನ್ನ ಮಾಮಾ ಬ್ರೇಕಿಲ್ಲದ ಸ್ಕೂಟರ್ ಮಾರಿದ ಬಗ್ಗೆ. ಒಂಬತ್ತನೆಯದು ರೇಣುಕಾಳ ವಹಿ. ಅದರಲ್ಲಿ ಇಷ್ಟೇ ಇತ್ತು:

"ನಮ್ಮ ದೋಣಿ ನಮ್ಮ ಅಪ್ಪನ ವ್ಯಾನು. ಅಪ್ಪನಿಗೆ ಎಡಗಣ್ಣು ಕಾಣುವುದಿಲ್ಲ. ನಾನು ಮುಂದೆ ಕೂತು ಎಡಗಡೆ ಏನು ಬಂತು ಎಂದು ಹೇಳುತ್ತೇನೆ. ಎಲ್ಲರೂ ಆಟ ಎಂದು ತಿಳಿದಿದ್ದಾರೆ. ಮಳೆ ಬಂದರೆ ನನಗೂ ಕಾಣುವುದಿಲ್ಲ."

ಕಿಟಕಿಯ ಹೊರಗೆ ಮಳೆ ಜಡಿದು ಸುರಿಯುತ್ತಿತ್ತು. ವ್ಯಾನು ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಅದರಲ್ಲಿ ಹದಿನಾಲ್ಕು ಮಕ್ಕಳು.

ಫೋನು ಕೈಗೆ ತೆಗೆದುಕೊಂಡೆ. ಈರಣ್ಣನವರ ಹೆಸರು ಪರದೆಯ ಮೇಲೆ ಬಂತು, ಒತ್ತಬೇಕು ಅನ್ನುವಷ್ಟರಲ್ಲಿ ಬೆರಳು ನಿಂತಿತು. ನಾನು ಫೋನು ಮಾಡಿದರೆ ಅವರು ಅದನ್ನು ನೋಡುತ್ತಾರೆ. ಇರುವ ಒಂದೇ ಕಣ್ಣನ್ನು ನಾನೇ ರಸ್ತೆಯಿಂದ ಕಿತ್ತಂತಾಗುತ್ತದೆ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಸ್ವಾರ್ ಗೇಟ್ ಚೌಕಿನ ಬಸ್ಸುಗಳು, ಮಾರ್ಕೆಟ್ ಯಾರ್ಡಿನ ತರಕಾರಿ ಟೆಂಪೋಗಳು, ಎಡಗಡೆಯಿಂದಲೇ ನುಗ್ಗುವ ಸ್ಕೂಟರುಗಳನ್ನು ಒಂದೊಂದಾಗಿ ನೆನೆಯುತ್ತ ಕೂತೆ. ಎಲ್ಲರಿಗಿಂತ ಕೊನೆಗೆ ಇಳಿಯುವವನು ಬಿಬ್ವೇವಾಡಿಯ ಅರ್ಣವ. ಆರು ಗಂಟೆಗೆ ಅವನ ತಾಯಿಗೆ ಫೋನು ಮಾಡಿದೆ. ಮೈಸೂರಿನವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ.

"ಅರ್ಣವ ಬಂದನೇನ್ರಿ?"

"ಇನ್ನೂ ಇಲ್ಲ ಮೇಡಂ, ಮಳೆ ಅಲ್ವಾ, ಟ್ರಾಫಿಕ್ ಇರತ್ತೆ. ಯಾಕೆ, ಏನಾದ್ರೂ ಪ್ರಾಬ್ಲಮ್ಮಾ?"

"ಇಲ್ಲ ಇಲ್ಲ. ಪುಸ್ತಕ ಬಿಟ್ಟು ಹೋಗ್ಯಾನ, ಅದಕ್ಕ."

ಅದು ನನ್ನ ಮೊದಲ ಸುಳ್ಳು. ಆರೂವರೆಗೆ ಅವರೇ ಫೋನು ಮಾಡಿದರು. "ಈಗ್ ಬಂದ ಮೇಡಂ. ಪುಸ್ತಕ ಎಲ್ಲಾ ಇದ್ಯಂತೆ." ವಹಿಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಹೊರಟೆ.

ಆ ಸಂಜೆಯೇ ನಾನು ಹೆಡ್‌ಮಿಸ್ಟ್ರೆಸ್ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಒಂದು ಕಡೆ ಮಗುವಿಗೆ ಕೊಟ್ಟ ಮಾತು. ಇನ್ನೊಂದು ಕಡೆ ಈರಣ್ಣನವರ ಬದುಕು. ಬೆಳಗಾವಿ ಸೀಮೆಯಿಂದ ಬಂದು ಹದಿನೆಂಟು ವರ್ಷದಿಂದ ನಮ್ಮ ಮಕ್ಕಳನ್ನು ಹೊತ್ತವರು. ಕೊರೋನಾದ ಎರಡು ವರ್ಷ ಶಾಲೆ ಮುಚ್ಚಿದಾಗ ವ್ಯಾನು ನಿಂತಲ್ಲೇ ನಿಂತು, ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಹೊತ್ತು ಮನೆ ನಡೆಸಿದ್ದರು. ಐದನೆಯ ತರಗತಿಯ ಹುಡುಗಿಯ ಐದು ಸಾಲು ನೋಡಿ ಅಂಥವರ ಅನ್ನ ತೆಗೆಯುವುದೇ? ಮೊದಲು ನಾನೇ ಕಣ್ಣಾರೆ ನೋಡುತ್ತೇನೆ ಎಂದು ತೀರ್ಮಾನಿಸಿದೆ. ಆಗ ಅದು ನನಗೆ ಬಹಳ ವಿವೇಕದ ತೀರ್ಮಾನವಾಗಿ ಕಂಡಿತ್ತು.

ಶನಿವಾರ ಬೆಳಗಿನ ಶಾಲೆ. ಆರು ಗಂಟೆಗೆ ಸದಾಶಿವ ಪೇಠದ ನಮ್ಮ ಮನೆಯಿಂದ ರಿಕ್ಷಾ ಹಿಡಿದು ಮಾರ್ಕೆಟ್ ಯಾರ್ಡಿನ ಹಿಂದಿರುವ ಅವರ ಸಾಲುಮನೆಯ ವಠಾರಕ್ಕೆ ಹೋದೆ. ಈರಣ್ಣ ವ್ಯಾನಿನ ಗಾಜು ಒರೆಸುತ್ತಿದ್ದರು.

"ಏನ್ರಿ ಅಕ್ಕೋರ, ಇಷ್ಟ ಮುಂಜಾನೆ ಈ ಕಡೆ?"

"ಇಲ್ಲೇ ಒಬ್ರ ಮನೀಗೆ ಬಂದಿದ್ದೆ. ಇವತ್ತ ನಿಮ್ಮ ಗಾಡ್ಯಾಗ ಬರ್ತೀನ್ರಿ." ಎರಡನೆಯ ಸುಳ್ಳು.

"ಬರ್ರಿ ಬರ್ರಿ. ನಿಮ್ಮಂಥಾವ್ರು ಕುಂತ್ರ ಗಾಡೀಗೂ ಎರಡಕ್ಷರ ಬರ್ತಾವ!"

ರೇಣುಕಾ ಆಗಲೇ ಮುಂದಿನ ಸೀಟಿನಲ್ಲಿ, ಅಪ್ಪನ ಎಡಕ್ಕೆ ಕೂತಿದ್ದಳು. ನನ್ನನ್ನು ಕಂಡು ಅವಳ ಮುಖದ ಬಣ್ಣ ಇಳಿಯಿತು. ನಾನು ಸರಿಯಾಗಿ ಅವಳ ಹಿಂದೆ ಕೂತೆ.

ಮೊದಲು ಬಿಬ್ವೇವಾಡಿ. ಅಲ್ಲಿ ಐದು ಮಕ್ಕಳು ಹತ್ತಿದರು. ವ್ಯಾನು ತಿರುಗಿ ಮಾರ್ಕೆಟ್ ಯಾರ್ಡ್ ರಸ್ತೆಗೆ ಬಂತು. ಮಳೆ ನಿಂತಿರಲಿಲ್ಲ. ಒಳಗೆ ಯಾರೂ ಮಾತಾಡುತ್ತಿರಲಿಲ್ಲ. ಟೀಚರ್ ಇದ್ದರೆ ಹಾಗೆಯೇ.

"ಇವತ್ತು ಆಟ ಇಲ್ವಾ ರೇಣು?" ಎಂದು ಅರ್ಣವ ಕೇಳಿದ.

ಅವಳು ತಿರುಗಲಿಲ್ಲ.

"ಯಾಕವಾ, ದನಿ ಬಿದ್ದದೇನು?" ಎಂದು ಈರಣ್ಣ ನಗುತ್ತಲೇ ಕೇಳಿದರು. ಆದರೆ ಕುತ್ತಿಗೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಮುಂದಕ್ಕೆ ತಿರುಗಿಸತೊಡಗಿದ್ದರು. ಹುಡುಗಿಗೆ ನನ್ನ ಮೇಲೆ ಸಿಟ್ಟು, ಅದಕ್ಕೇ ಸುಮ್ಮನಿದ್ದಾಳೆ ಎಂದು ನಾನು ಅಂದುಕೊಂಡೆ. ಅವಳ ಬೆನ್ನು ನೋಡುತ್ತ ಕೂತಿದ್ದ ನನಗೆ ಅರ್ಥವಾಗಲು ಇನ್ನೂ ಅರ್ಧ ನಿಮಿಷ ಬೇಕಾಯಿತು. ಅವಳು ಬಾಯಿ ಬಿಟ್ಟರೆ ಅಪ್ಪನ ಗುಟ್ಟು ನನ್ನೆದುರೇ ಖರೆಯಾಗುತ್ತದೆ. ಅದಕ್ಕಾಗಿ ಬಾಯಿ ಬಿಗಿಹಿಡಿದಿದ್ದಾಳೆ. ಪರೀಕ್ಷೆ ಮಾಡಲು ಬಂದ ನಾನು ಆ ವ್ಯಾನಿಗೆ ಇದ್ದ ಎಡಗಣ್ಣನ್ನೂ ಮುಚ್ಚಿಸಿದ್ದೆ.

ಅಷ್ಟರಲ್ಲಿ ಯಾರ್ಡಿನ ಗೇಟಿನಿಂದ ಕೊತ್ತಂಬರಿ ಗಂಟು ಹೇರಿದ ಒಂದು ಕೈಗಾಡಿ ಎಡಗಡೆಯಿಂದ ಇಳಿಜಾರಿನಲ್ಲಿ ಓಡುತ್ತ ಬಂತು. ದೂಡುವ ಹಮಾಲನಿಗೂ ಅದು ಹಿಡಿತಕ್ಕೆ ಸಿಗುತ್ತಿರಲಿಲ್ಲ. ರೇಣುಕಾ ಅದನ್ನು ನೋಡಿದಳು, ಎದುರಿನ ಕಂಬಿ ಹಿಡಿದಳು. ಈರಣ್ಣ ನೋಡಲಿಲ್ಲ.

"ಎಡಕ್ಕ!" ಎಂದು ನಾನು ಚೀರಿದೆ.

ಬ್ರೇಕು ಬಿತ್ತು. ಮಕ್ಕಳು ಮುಂದಿನ ಸೀಟಿಗೆ ಬಡಿದುಕೊಂಡರು. ಕೈಗಾಡಿಯ ಮುಂದೆ ಚಾಚಿದ ಮರದ ಮೂಕಿ ರೇಣುಕಾಳ ಪಕ್ಕದ ಬಾಗಿಲನ್ನು ಈ ತುದಿಯಿಂದ ಆ ತುದಿಗೆ ಗೀರಿ ನಿಂತಿತು. ಗಾಜು ಒಡೆಯಲಿಲ್ಲ. ಯಾರಿಗೂ ರಕ್ತ ಬರಲಿಲ್ಲ. ಹಮಾಲ ರಸ್ತೆಯ ಮೇಲೆ ಚೆಲ್ಲಿದ ಕೊತ್ತಂಬರಿಯ ನಡುವೆ ನಿಂತು ಮರಾಠಿಯಲ್ಲಿ ಒದರಿದ: "ಡೋಳೇ ಘರೀ ಠೇವೂನ ಆಲಾಸ ಕಾಯ ರೇ?" ಕಣ್ಣು ಮನೆಯಲ್ಲಿಟ್ಟು ಬಂದೆಯೇನೋ ಎಂದು.

ಈರಣ್ಣ ವ್ಯಾನನ್ನು ಪಕ್ಕಕ್ಕೆ ಹಾಕಿದರು.

"ಹದಿನೆಂಟು ವರ್ಷ ಆತ್ರಿ ಅಕ್ಕೋರ. ಗಾಡೀಗೆ ಒಂದ್ ಗೀರು ಬಿದ್ದಿಲ್ಲ."

"ಇವತ್ತ ಬಿತ್ತಲ್ರಿ ಈರಣ್ಣಾ. ಎಡಕ್ಕ ಬಿತ್ತು."

ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. "ಯಾರ್ ಹೇಳಿದ್ರಿ ನಿಮಗ?"

ರೇಣುಕಾಳ ಕೈ ಕಂಬಿಯ ಮೇಲೆ ಬಿಳಿಚಿಕೊಂಡಿತ್ತು.

"ಯಾರೂ ಹೇಳಿಲ್ಲ. ಈಗ ನಾನ ನೋಡಿದೆ. ಕೀಲಿ ಕೊಡ್ರಿ." ಮೂರನೆಯ ಸುಳ್ಳು ಅರ್ಧ ನಿಜವೂ ಆಗಿತ್ತು.

"ಕೀಲಿ ಕೊಟ್ಟು ನಾಳಿಂದ ನಾ ಏನ್ ಮಾಡ್ಲಿ, ಅದನ್ನೂ ಹೇಳ್ರಿ."

ಹೊಸ ದೋಣಿ ಕೊಡಿಸಲು ನಾನು ಅರಸನಲ್ಲ. "ನನಗ ಗೊತ್ತಿಲ್ರಿ. ಆದ್ರ ಇವತ್ತ ಈ ಹುಡುಗ್ರನ್ನ ನೀವು ಒಯ್ಯೂದು ಬ್ಯಾಡ" ಎಂದೆ. ಅವರು ಎಂಜಿನ್ ಆರಿಸಿ, ಕೀಲಿಯನ್ನು ತಿರುಗದೇ ಹಿಂದಕ್ಕೆ ಚಾಚಿದರು. ನಾನು ರೇಣುಕಾಳನ್ನು ಅಪ್ಪನ ಬಳಿ ಬಿಟ್ಟು, ಉಳಿದ ಐವರನ್ನು ಎರಡು ರಿಕ್ಷಾದಲ್ಲಿ ಶಾಲೆಗೆ ಕರೆದೊಯ್ದೆ. ದಾರಿಯಲ್ಲಿ ಕಾಯುತ್ತಿದ್ದ ಎಂಟು ಮಕ್ಕಳ ಮನೆಗೆ ಫೋನು ಮಾಡಿಸಿದೆ.

ಹೆಡ್‌ಮಿಸ್ಟ್ರೆಸ್‌ಗೆ ವಹಿಯ ವಿಷಯವನ್ನೂ ಹೇಳಿದೆ. ಅಲ್ಲಿಗೆ ಕೊಟ್ಟ ಮಾತು ಮುರಿಯಿತು. ಅವರು ಕೂಗಾಡಲಿಲ್ಲ.

"ಸುಧಾಬಾಯಿ, ನಿಮಗ ನಿನ್ನೆ ಸಂಜೀಕ ಗೊತ್ತಾಗಿತ್ತು?"

"ಹೌದ್ರಿ. ಹುಡುಗಿಗೆ ಮಾತು ಕೊಟ್ಟಿದ್ದೆ."

"ಮಾತು ದೊಡ್ಡದು ಹೌದ್ರಿ. ಹದಿನಾಲ್ಕು ಮಂದಿ ಹುಡುಗ್ರಕಿಂತ ದೊಡ್ಡದೇನು?"

ಸೋಮವಾರ ಪಾಲಕರ ಸಭೆ. ಪೊಲೀಸರಿಗೆ ದೂರು ಕೊಡಿ ಎಂದರು ಒಬ್ಬರು. ಅರ್ಣವನ ತಾಯಿ ಮಾತ್ರ ಕೂತಲ್ಲಿಂದಲೇ, "ಶುಕ್ರವಾರ ನೀವು ಫೋನ್ ಮಾಡಿದ್ದು ಪುಸ್ತಕಕ್ಕಲ್ಲ ಅಲ್ವಾ ಮೇಡಂ?" ಎಂದು ಕೇಳಿದರು. ಅಷ್ಟು ಜನರ ಕೂಗಾಟಕ್ಕಿಂತ ಅದೊಂದೇ ನನ್ನ ತಲೆ ತಗ್ಗಿಸಿತು. ಕೊನೆಗೆ ಈರಣ್ಣ ಇನ್ನು ವ್ಯಾನು ಓಡಿಸುವುದಿಲ್ಲ ಎಂದು ಬರೆದುಕೊಟ್ಟ ಮೇಲೆ ದೂರಿನ ಮಾತು ನಿಂತಿತು.

ಕಣ್ಣಿನ ಡಾಕ್ಟರರ ಬಳಿಗೆ ಅವರೊಂದಿಗೆ ನಾನೂ ಹೋಗಿದ್ದೆ. ಪೊರೆ ಇದ್ದರೆ ತೆಗೆಯಬಹುದು ಎಂಬ ಆಸೆ ನಮಗೆ. ಇದ್ದದ್ದು ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಏರಿ, ನೋಟದ ನರ ನೋವಿಲ್ಲದೆ, ಸದ್ದಿಲ್ಲದೆ ಸಾಯುವ ರೋಗ. ಹೋದ ನೋಟ ಮರಳುವುದಿಲ್ಲ. ಬಲಗಣ್ಣಿನಲ್ಲೂ ಶುರುವಾಗಿತ್ತು, ದಿನಾ ಹನಿ ಹಾಕಿದರೆ ಅದನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರು.

ಅರಸನ ದೋಣಿಯೇನೂ ಬರಲಿಲ್ಲ. ವ್ಯಾನಿಗೆ ಬೇರೊಬ್ಬ ಚಾಲಕ ಬಂದ. ಮಕ್ಕಳನ್ನು ಹತ್ತಿಸಿ ಇಳಿಸಲು ಸಹಾಯಕರು ಬೇಕಿತ್ತು. ಹೆಡ್‌ಮಿಸ್ಟ್ರೆಸ್ ಆ ಕೆಲಸವನ್ನು ಈರಣ್ಣನವರಿಗೆ ಕೊಡಿಸಿದರು. ಮಗಳು ಕೂರುತ್ತಿದ್ದ ಸೀಟಿನಲ್ಲಿ ಅಪ್ಪ, ಮಗಳು ಹಿಂದೆ. ಮನೆ ಸಾಗಲು ಅಷ್ಟು ಸಾಲದೆ ರೇಣುಕಾಳ ತಾಯಿ ಸದಾಶಿವ ಪೇಠದ ಒಂದು ಖಾನಾವಳಿಯಲ್ಲಿ ಚಪಾತಿ ಲಟ್ಟಿಸಲು ಸೇರಿದರು. ಗೇಟಿನಲ್ಲಿ ಕಂಡಾಗ ಈರಣ್ಣ ನಮಸ್ಕಾರ ಮಾಡುತ್ತಿದ್ದರು. ಮಾತಾಡುತ್ತಿರಲಿಲ್ಲ.

ರೇಣುಕಾ ಕೂಡ. ಪಾಠದ ಮೇಲೆ ಪಾಠ ಮುಗಿಯಿತು. ಅವಳ ಗುಟ್ಟಿನ ವಹಿ ಖಾಲಿ ಬರುತ್ತಿತ್ತು. ತಾರೀಕು ಬರೆದು ಅದರ ಕೆಳಗೆ ಗೆರೆ ಎಳೆದಿರುತ್ತಿದ್ದಳು, ಅಷ್ಟೇ. ಆ ಖಾಲಿ ಪುಟ ತೆಗೆಯುವಾಗೆಲ್ಲ, ಆ ಮಗು ಮನೆಯಲ್ಲಿ ಏನು ಅನುಭವಿಸುತ್ತಿದೆಯೋ ಎಂದು ಯೋಚಿಸುತ್ತಿದ್ದೆ. ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಗಣಪತಿ ರಜೆ ಮುಗಿದ ವಾರ ಒಂದು ಪುಟ ತುಂಬಿ ಬಂತು. ಆ ವಾರದ ಪಾಠಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

"ಅಂಬಿಗ ಆ ಸಂಜೆ ಏನಂದ ಎಂದು ಕೇಳಿದ್ದೆ. ನೀವು ಹೇಳಿದ್ದು ತಪ್ಪು. ಯಾರೂ ಹೇಳಿಲ್ಲ ಎಂದು ನೀವು ಅಪ್ಪನಿಗೆ ಸುಳ್ಳು ಹೇಳಿದಿರಿ. ನಾನೇ ಬರೆದೆ ಎಂದು ಸಂಜೆ ನಾನು ಅಪ್ಪನಿಗೆ ಹೇಳಿದೆ. ಅಪ್ಪ ಹೊಡೆಯಲಿಲ್ಲ, ಶಹಬ್ಬಾಸ್ ಅನ್ನಲಿಲ್ಲ. ಊಟ ಮಾಡಲಿಲ್ಲ. ಆಮೇಲೆ ನನ್ನನ್ನು ಕರೆದು ಬಲಗಡೆ ಕೂರಿಸಿಕೊಂಡರು. ಸಾಲಿ ಮತ್ತ ಶುರು ಆದಾಗಿಂದ ನೀ ಬರೇ ಎಡಕ್ಕ ಕುಂತೀದಿ, ನಿನ್ನ ಮಾರಿ ಕಂಡೇ ಇಲ್ಲ ನೋಡವಾ ನನಗ, ಅಂದರು."

ಆ ಪುಟದ ಕೆಳಗೆ "ತಪ್ಪಾಯಿತು" ಎಂದಷ್ಟೇ ಬರೆದು ವಹಿ ಹಿಂದಿರುಗಿಸಿದೆ.

ಕಥೆಯನ್ನು ಬದುಕಿಗೆ ಜೋಡಿಸಿ ಎಂದು ಮಕ್ಕಳಿಗೆ ಹೇಳುವುದು ಸುಲಭ. ಅಜ್ಜಿ ಆ ಪ್ರಶ್ನೆ ಕೇಳಿದ್ದು ನಗುವುದಕ್ಕೆ. ನಾನೂ ಅಷ್ಟು ವರ್ಷ ಹಾಗೆಯೇ ಕೇಳಿದ್ದೆ. ಉತ್ತರ ನಿಜವಾಗಿಯೂ ಬಂದರೆ, ಬಂದ ಸಂಜೆಯೇ ಎದ್ದು ಹೊರಡಬೇಕು ಎಂಬುದು ನನಗೆ ಅವತ್ತಿನವರೆಗೆ ತಿಳಿದಿರಲಿಲ್ಲ. ಮುಂದಿನ ಜೂನ್‌ನಲ್ಲಿ ಹೊಸ ಮಕ್ಕಳಿಗೆ ವಹಿ ಹಂಚುವಾಗ ಮಾತು ಬದಲಿಸಿದೆ: ನಿಮ್ಮ ಗುಟ್ಟು ಕಾಯುತ್ತೇನೆ, ಆದರೆ ಯಾರದಾದರೂ ಜೀವಕ್ಕೆ ಕುತ್ತು ಎಂದು ಕಂಡರೆ ಕಾಯುವುದಿಲ್ಲ, ಮೊದಲು ನಿಮಗೆ ತಿಳಿಸಿ, ಅವತ್ತೇ ಹೇಳಬೇಕಾದವರಿಗೆ ಹೇಳುತ್ತೇನೆ.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. "ಹಂಗಾದ್ರ ಇದು ಪೂರಾ ಗುಟ್ಟಿನ ವಹಿ ಅಲ್ಲ, ಟೀಚರ್."

"ಅಲ್ಲ ನೋಡವಾ. ಅರ್ಧ ಗುಟ್ಟಿನ ವಹಿ" ಎಂದೆ.

ನಾನು ನಿವೃತ್ತಳಾಗುವವರೆಗೂ ಮಕ್ಕಳು ಅದನ್ನು ಹಾಗೆಯೇ ಕರೆದರು. ಆದರೂ ಬರೆಯುವುದನ್ನು ಬಿಡಲಿಲ್ಲ.