ಬೆಟಗೇರಿಯಲ್ಲಿ ಎದ್ದುನಿಂತ ಕೆರೆ

ಬೆಟಗೇರಿಯ ಅತಾವುಲ್ಲಾ ಫೋಟೊಗಳಿಗೆ ಕಟ್ಟು ಹಾಕುವವ. ಆದರೆ ಅವನ ಜೀವವಿದ್ದದ್ದು ಜೋಡಿ ಸ್ಲೈಡುಗಳಲ್ಲಿ. ಒಂದು ಹಲಗೆಗೆ ಎರಡು ಹಳೆಯ ಕ್ಯಾಮೆರಾ ಬಿಗಿದು, ಎರಡನ್ನೂ ಒಂದೇ ಗಳಿಗೆಗೆ ಒತ್ತುವನು. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಫಿಲ್ಮಿನ ತುಣುಕು. ಅವನ್ನು ರಟ್ಟಿನ ಚೌಕಟ್ಟಿನಲ್ಲಿ ಕೂದಲೆಳೆಯಷ್ಟೂ ಏರುಪೇರಾಗದಂತೆ ಕೂರಿಸಿ, ಕಣ್ಣಿಗೊಂದರಂತೆ ಎರಡು ಗಾಜಿರುವ ಪೆಟ್ಟಿಗೆಯಲ್ಲಿ ಎರಡೂ ಕಣ್ಣಿಟ್ಟು ನೋಡಿದರೆ, ಚಪ್ಪಟೆ ಚಿತ್ರ ಕೈಗೆ ಸಿಗುವ ಹಾಗೆ ಎದ್ದು ಬರುವುದು.

ಅಂಥವನ ಬಲಗಣ್ಣಿಗೆ ಪೊರೆ ಬಂತು. ಒಂದೇ ಕಣ್ಣಿಗೆ ಆ ಆಳ ಎಲ್ಲಿಯದು? ಆಪರೇಷನ್ನಿಗೆ ಹೆದರಿ, ಸ್ಕೇಲು ಹಿಡಿದು ಅಳೆದಳೆದೇ ಕೂರಿಸತೊಡಗಿದ. ಸರಿಯಾಗಿ ಎದ್ದಿದೆಯೋ ಇಲ್ಲವೋ ಹೇಳಲು ಹೆಂಡತಿ ಅಲ್ಮಾಸಬಿ ಇದ್ದಳು. ಪೆಟ್ಟಿಗೆಗೆ ಮುಖ ಹಚ್ಚಿ, ಪ್ರತಿ ಸಲವೂ ಭಾಳ ಚಂದ ಐತಿ ಅನ್ನುವಳು. ಅವಳ ಮಾತೇ ಅವನಿಗೆ ಕಣ್ಣಾಯಿತು.

ಚಳಿಗಾಲಕ್ಕೆ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹೆಬ್ಬಾತುಗಳು ಇಳಿದವು. ಹಿಂಡು ಏಳುವಾಗ ತೆಗೆದ ಜೋಡಿಯನ್ನು ಕೂರಿಸಿ ತೋರಿಸಿದ. ಅವಳ ಬಾಯಲ್ಲಿ ಅದೂ ಚಂದವೇ ಆಯಿತು. ಇದೊಂದನ್ನಾದರೂ ತಾನೇ ಕಾಣಬೇಕೆಂಬ ಆಸೆ ಹೆದರಿಕೆಯನ್ನು ಮೀರಿತು. ಗದಗಿನಲ್ಲಿ ಆಪರೇಷನ್ ಮಾಡಿಸಿಕೊಂಡ.

ಡಾಕ್ಟರು ಹೂಂ ಅಂದ ಮೇಲೆ ಪೆಟ್ಟಿಗೆಗೆ ಎರಡೂ ಕಣ್ಣಿಟ್ಟ. ಆಕಾಶ ಮುಂದೆ ಬಂದು ನಿಂತಿತ್ತು; ಹಕ್ಕಿಗಳು ಅದರಲ್ಲಿ ಕೊರೆದ ತೂತುಗಳಂತೆ ಹಿಂದೆ ಸರಿದಿದ್ದವು. ಎಡದ ತುಣುಕು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು.

"ಇದರಾಗ ಏನ್ ಚಂದ ಕಂಡಿ ನೀ?"

ತೋರಿಸುತ್ತೇನೆಂದು ಅಲ್ಮಾಸಬಿ ಬಗ್ಗಿದಳು. ಬಗ್ಗಿದವಳೇ, ಬಾಗಿಲ ಸಂದಿನಲ್ಲಿ ಇಣುಕುವವರಂತೆ, ಎಡಗಣ್ಣು ಗಟ್ಟಿಯಾಗಿ ಮುಚ್ಚಿದಳು.

"ಇಷ್ಟ ದಿನಾ ಹಿಂಗ ನೋಡಿದ್ಯಾ?"

"ಇಣುಕೂದಂದ್ರ ಒಂದ್ ಕಣ್ಣ ಮುಚ್ಚೂದಲ್ಲೇನ್ರಿ? ಎರಡೂ ತಗಿ ಅಂತ ನೀವರೆ ಯಾವಾಗ ಹೇಳಿದ್ರಿ?"

ಹೌದಲ್ಲ, ಹೇಳಿರಲೇ ಇಲ್ಲ. ಅತಾವುಲ್ಲಾನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನೀರು ಬಂದ ಕಣ್ಣಿಗೆ ಕೈ ಒಯ್ದವನನ್ನು, ಹೊಸ ಕಣ್ಣು ತಿಕ್ಕಬೇಡಿ ಎಂದು ಅವಳೇ ಗದರಿಸಿದಳು.

ತುಣುಕುಗಳನ್ನು ಬಿಡಿಸಿ, ಅದಲುಬದಲು ಮಾಡಿ, ಮತ್ತೆ ಕೂರಿಸಿದ. ನೋಡಿದ. ಮುಂದಿನ ಬಾತಿನ ರೆಕ್ಕೆ ಹಣೆಗೆ ಬಡಿದೀತೆಂದು ತಲೆ ತಾನಾಗಿ ಹಿಂದೆ ಸರಿಯಿತು. ಅದರಾಚೆ ಹಿಂಡು, ಹಿಂಡಿನಾಚೆ ನೀರು, ನೀರಿನಾಚೆ ದಂಡೆ, ಆಮೇಲೆ ಮುಗಿಯದ ಆಕಾಶ. ಪೆಟ್ಟಿಗೆಯನ್ನು ಹೆಂಡತಿಯ ಕಡೆ ಸರಿಸಿದ.

ಅವಳು ಎರಡೂ ಕಣ್ಣು ತೆರೆದು ನೋಡಿದಳು. ಬಲಗೈ ಮೆಲ್ಲಗೆ ಮೇಲೆದ್ದು ಪೆಟ್ಟಿಗೆಯ ಮುಂದಿನ ಬಯಲಲ್ಲಿ ಏನನ್ನೋ ತಡಕಿತು.

"ಹಕ್ಕಿ ಹಕ್ಕಿ ನಡುವ ಗಾಳಿ ಕಾಣಾಕತ್ತೈತ್ರೀ," ಅಂದಳು ಪಿಸುದನಿಯಲ್ಲಿ.

ಆಮೇಲೆ, ತಾನು ಚಂದವೆಂದಿದ್ದ ಸ್ಲೈಡುಗಳನ್ನೆಲ್ಲ ತನ್ನಿ ಎಂದವಳೂ ಅವಳೇ. ಅವನು ತರುವವರೆಗೂ ಬಾತುಗಳನ್ನು ಬಿಟ್ಟು ಏಳಲಿಲ್ಲ.