ಮೇಲೆ ಗ್ರಹಗಳ ಯುದ್ಧ, ಕೆಳಗೆ ರಂಗಣ್ಣ

ಗೆಳೆಯರೇ, ಇವತ್ತು ಮಧ್ಯಾಹ್ನ ಮರಳೂರಿನ ನಮ್ಮ ಮನೆಯ ಟಿವಿಯಲ್ಲಿ ಲೋಕಲ್ ಕೇಬಲ್‌ನವರು ಇಂಗ್ಲಿಷ್ ಸೈನ್ಸ್ ಫಿಕ್ಷನ್ ಸಿನಿಮಾ ಹಾಕಿದ್ದರು. ಶುರುವಿನಲ್ಲೇ ಗ್ರಹಗಳ ಯುದ್ಧದ ಹಿಂದಿನ ಕಥೆ ಅಕ್ಷರಗಳಾಗಿ ಮೇಲಕ್ಕೆ ಹರಿಯುತ್ತಿತ್ತು. ತೆರೆಯ ಅಡಿಯಲ್ಲಿ ಎಂದಿನಂತೆ ಕನ್ನಡದಲ್ಲಿ ಜಾಹೀರಾತು, ಸಾವಿನ ಸುದ್ದಿ ಓಡುತ್ತಿದ್ದವು.

ಅದನ್ನು ಕೂಡಿಸಿ ಕೂಡಿಸಿ ಓದಿದ ಅಮ್ಮ, "ಲೋ, ಕೋರ ಊರಿನ ರಂಗಣ್ಣ ಹೋಗ್ಬಿಟ್ನಂತೆ ಕಣೋ! ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ತಿರುಗ್ಸಿದ್ದೋನು. ಮಣ್ಣು ಎಷ್ಟೊತ್ಗಂತೆ, ನೋಡೋ" ಎಂದಳು.

"ತಡಿಯಮ್ಮ, ಮೇಲಿರೋದನ್ನ ಓದ್ಕೊಂಬಿಡ್ತೀನಿ" ಎಂದು ರೇಗಿದೆ.

ಕಣ್ಣು ಕೆಳಗಿಳಿಸಿದಾಗ ಅಲ್ಲಿ ಸೀರೆ ರಿಯಾಯಿತಿ ಓಡುತ್ತಿತ್ತು. ರಂಗಣ್ಣ ಮತ್ತೆ ಬಂದದ್ದು ಅರ್ಧ ಸಿನಿಮಾ ಮುಗಿದ ಮೇಲೆ. ಅಂತ್ಯಕ್ರಿಯೆ ಮೂರು ಗಂಟೆಗೆ. ಗೋಡೆ ಗಡಿಯಾರದಲ್ಲಿ ಮೂರೂವರೆ.

"ನೀನ್ ಓದುದ್ಯಲ್ಲ, ಅದ್ರಲ್ಲಿ ಯಾರ್ ಸತ್ತಿದ್ರೋ?" ಎಂದಳು ಅಮ್ಮ.

ಒಂದು ಇಡೀ ಗ್ರಹವೇ ಸತ್ತಿತ್ತು. ಅದರ ಹೆಸರೂ ನನಗೆ ನೆನಪಿಲ್ಲ.