ಇಳಿದು ಕೈ ಮುಗಿಯುವ ಮಾಸ್ತರರು

ಶಾಲೆಯ ಗಂಟೆಗೆ ಮುಂಚೆ, ಧಾರವಾಡದ ಅಂಚೆ ಕಚೇರಿಯ ಇಳಿಜಾರಿನಲ್ಲಿ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಮೇಲಿನಿಂದ ಗಣಿತದ ಮಾಸ್ತರರ ಸೈಕಲ್ಲು ಬರುತ್ತಿತ್ತು. ದಾರಿಯಲ್ಲಿ ಹಿರಿಯರು ಕಂಡರೆ ಅವರು ಇಳಿದೇ ಕೈ ಮುಗಿಯುವವರು. ‘ಕೂತು ಮಾಡಿದ ನಮಸ್ಕಾರ ಮುಟ್ಟೂದಿಲ್ರಿ’ ಎನ್ನುವರು. ಹೀಗಾಗಿ ನಡೆದು ಬರುವ ನಮಗಿಂತ ತಡವಾಗಿ ಶಾಲೆ ಸೇರುವರು.

ಅಂದು ಕುದುರೆಗೆ ಭಾರವಾದೀತೆಂದು ಟಾಂಗಾದಿಂದಿಳಿದು ಏರು ಹತ್ತುತ್ತಿದ್ದವರು ಮುಗದ ಊರಿನ ಹಿರಿಯರು. ಅವರ ಮಗಳನ್ನು ಮಾಸ್ತರರು ನೋಡಿ ಒಪ್ಪಿದ್ದರು. ಹಿರಿಯರು ಮಾತ್ರ ಇನ್ನೂ ಹೂಂ ಅಂದಿರಲಿಲ್ಲ.

ಅವರನ್ನು ಕಂಡದ್ದೇ ಮಾಸ್ತರರು ಓಡುತ್ತಿದ್ದ ಸೈಕಲ್ಲಿನಿಂದ ಇಳಿದೇ ಬಿಟ್ಟರು. ಎರಡೂ ಕೈ ಮುಗಿದರು. ಸೈಕಲ್ಲು ಒಂಟಿಯಾಗಿ ಮುಂದುವರಿದು ಹಿರಿಯರನ್ನು ದಾರಿ ಬದಿಯ ಹುಲ್ಲಿನ ಹೊರೆಯ ಮೇಲೆ ಕೆಡವಿತು.

ಮಾಸ್ತರರ ಕೈ ಮುಗಿದಂತೆಯೇ ಇತ್ತು. ‘ಪೆಟ್ಟಾತೇನ್ರಿ, ಮಾವಾರ?’

‘ನಮಸ್ಕಾರ ಮುಟ್ಟಿತ್ರಿ. ಆದ್ರ ನಾ ಇನ್ನೂ ಮಾವ ಆಗಿಲ್ಲ,’ ಎಂದು ಹಿರಿಯರು ರುಮಾಲು ಕೊಡವಿದರು. ‘ಮೊದಲ ಆ ಸೈಕಲ್ಲಿಗೂ ಒಂದೀಟು ಮರ್ಯಾದಿ ಕಲಸ್ರಿ. ಆಮ್ಯಾಲೆ ಮುಹೂರ್ತ ನೋಡೂಣು.’

ಇದನ್ನು ಕಂಡ ಟಾಂಗಾದವನು ಈಗಿಲ್ಲ. ನಾನಿದ್ದೇನೆ. ಟಾಂಗಾದೊಳಗೆ ಸೆರಗು ಬಾಯಿಗೊತ್ತಿ ನಗುತ್ತಿದ್ದ ಆ ಮಗಳೂ ಇದ್ದಾರೆ, ಮಾಸ್ತರರ ಮನೆಯಲ್ಲೇ.